ಏರಿನಲ್ಲಿ ಉಸಿರು ಕಟ್ಟುವ ಹಳೇ ಕಾರು: ಕಾರ್ಬ್ಯುರೇಟರ್ ಬಿಚ್ಚಲೇ?

ಹಳೇಚಕ್ರ
ನಮಸ್ಕಾರ ಎಲ್ಲರಿಗೂ. 1.3 ಲೀಟರ್ ಪೆಟ್ರೋಲ್ ಎಂಜಿನ್, ಒಂದೇ ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸೋ ಭಾಗ), ಎಂಜಿನ್ ಪಕ್ಕಕ್ಕೆ ಕೂತಿರುವ ಮೆಕ್ಯಾನಿಕಲ್ ಪಂಪ್, ಹಿಂದೆ ತಗಡಿನ ಟ್ಯಾಂಕ್. ಕಾರಿಗೆ ಮೂವತ್ತು ದಾಟಿದೆ. ಐಡಲಿಂಗ್ ನುಣ್ಣಗಿದೆ, ಸಮತಟ್ಟು ರಸ್ತೆಯಲ್ಲಿ 60ರವರೆಗೆ ದೂರೇ ಇಲ್ಲ. ಏರು ಸಿಕ್ಕಿ ಎಕ್ಸಲರೇಟರ್ ಪೂರ್ತಿ ಒತ್ತಿದರೆ ಇಪ್ಪತ್ತು ಸೆಕೆಂಡು ಚೆನ್ನಾಗಿ ಎಳೆಯುತ್ತೆ, ಆಮೇಲೆ ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ ಸುಸ್ತಾಗುತ್ತೆ. ಕಾಲು ತೆಗೆದು ಹತ್ತು ಹದಿನೈದು ಸೆಕೆಂಡು ಬಿಟ್ಟರೆ ಮತ್ತೆ ಸರಿ. ಎಂಜಿನ್ ತಣ್ಣಗಿದ್ದರೂ ಬಿಸಿಯಿದ್ದರೂ ಒಂದೇ. ಪ್ಲಗ್, ಪಾಯಿಂಟ್, ಕಂಡೆನ್ಸರ್ ಹೊಸದು, ಟೈಮಿಂಗ್ ನೋಡಿಯಾಗಿದೆ. ಪಂಪ್ ಹಿಂದಿನ ಪ್ಲಾಸ್ಟಿಕ್ ಫಿಲ್ಟರ್ ಕೂಡ ಹೊಸದು. ಕಾರ್ಬ್ಯುರೇಟರ್ ಕಳಚಿ ತೊಳೆಯೋಣ ಅಂತ ಕಿಟ್ ತಂದಿಟ್ಟಿದ್ದೇನೆ. ಬಿಚ್ಚುವ ಮುಂಚೆ ನೋಡಬೇಕಾದ್ದು ಏನಾದರೂ ಇದೆಯಾ?

ಜೆಟ್ 112
ಬಿಚ್ಚಿ. ಮೇನ್ ಜೆಟ್‌ನಲ್ಲಿ, ಅಂದರೆ ಪೆಟ್ರೋಲ್ ಅಳೆದು ಬಿಡೋ ಸಣ್ಣ ಹಿತ್ತಾಳೆ ತೂತಿನಲ್ಲಿ, ಕಸ. ಐಡಲ್‌ಗೆ ಬೇರೆ ಜೆಟ್, ಅದಕ್ಕೇ ಐಡಲಿಂಗ್ ಚೆನ್ನಾಗಿದೆ.

ತಗಡು-ತಾಮ್ರ
ಸ್ವಲ್ಪ ತಡೀರಿ ಸಾರ್. ಮೇನ್ ಜೆಟ್ ಕಟ್ಟಿದ್ದರೆ ಮೊದಲ ಸೆಕೆಂಡಿನಿಂದಲೇ ಎಳೆಯಬಾರದು. ಇಪ್ಪತ್ತು ಸೆಕೆಂಡು ಎಳೆದು ಆಮೇಲೆ ಸುಸ್ತಾಗುತ್ತೆ ಅಂದರೆ ಫ್ಲೋಟ್ ಬೌಲ್ (ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ನಿಲ್ಲೋ ಸಣ್ಣ ಬಟ್ಟಲು) ಖಾಲಿಯಾಗ್ತಿದೆ.

ಲೆಕ್ಕ ಹಾಕಿ. ಐಡಲ್‌ನಲ್ಲಿ ಎಂಜಿನ್ ಗಂಟೆಗೆ ಒಂದು ಲೀಟರ್ ಆಸುಪಾಸು ಕುಡಿಯುತ್ತೆ, ಅಂದರೆ ನಿಮಿಷಕ್ಕೆ 15–20 ಮಿ.ಲೀ. ಅದೇ ಎಂಜಿನ್ 60 ಅಶ್ವಶಕ್ತಿ ಪೂರ್ತಿ ತೆಗೆಯುವಾಗ ಗಂಟೆಗೆ 18 ಲೀಟರ್ ಹತ್ತಿರ, ನಿಮಿಷಕ್ಕೆ 300 ಮಿ.ಲೀ. ಬೌಲ್‌ನಲ್ಲಿ ಸುಮಾರು 50 ಮಿ.ಲೀ. ಇದೆ ಅಂತಿಟ್ಟುಕೊಳ್ಳಿ. ಪಂಪಿನಿಂದ ಬೇಕಾದ್ದರಲ್ಲಿ ಅರ್ಧ ಮಾತ್ರ ಬಂದರೆ ನಿಮಿಷಕ್ಕೆ 150 ಕೊರತೆ, ಆ 50 ಮಿ.ಲೀ. ಇಪ್ಪತ್ತು ಸೆಕೆಂಡಿಗೆ ಮುಗೀತು. ಕಾಲು ತೆಗೆದರೆ ಬೌಲ್ ಮತ್ತೆ ತುಂಬುತ್ತೆ. ನೀವು ಬರೆದಿರೋದು ಇದನ್ನೇ. ಐಡಲಿಂಗ್ ಚೆನ್ನಾಗಿದೆ ಅನ್ನೋದರಿಂದ ಪೆಟ್ರೋಲ್ ಸಾಕಷ್ಟು ಬರ್ತಿದೆ ಅಂತ ಗೊತ್ತಾಗಲ್ಲ. ಹದಿನೈದು ಪಟ್ಟು ಫರಕು ಇದೆ.

ಕಿಟ್ ಕಪಾಟಿನಲ್ಲೇ ಇರಲಿ. ಟ್ಯಾಂಕಿನಿಂದ ಶುರು ಮಾಡಿ.

ಜೆಟ್ 112
ನೀಡಲ್ ವಾಲ್ವ್ (ಬೌಲ್ ತುಂಬಿದಾಗ ಪೆಟ್ರೋಲ್ ತಡೆಯೋ ಸೂಜಿ) ಬಾಯಲ್ಲಿ ಜಾಲರಿ ಇರುತ್ತೆ, ಅದು ಕಟ್ಟಿದರೂ ಬೌಲ್ ತುಂಬಲ್ಲ. ಅದು ಕಾರ್ಬ್ಯುರೇಟರ್‌ನಲ್ಲೇ ಅಲ್ವಾ ಇರೋದು? ನಾನು ಹೇಳಿದ್ದು ಪೂರ್ತಿ ತಪ್ಪೇನಲ್ಲ.

ತಗಡು-ತಾಮ್ರ
ಒಪ್ಪಿದೆ. ಆದರೆ ಅದಕ್ಕೆ ಕಾರ್ಬ್ಯುರೇಟರ್ ಇಳಿಸಬೇಕಿಲ್ಲ. ಬಹಳಷ್ಟು ಮಾದರಿಗಳಲ್ಲಿ ಪೈಪ್ ಬಂದು ಸೇರುವ ಕಡೆ ಒಂದು ನಟ್ ಬಿಚ್ಚಿದರೆ ಬೆರಳ ತುದಿಯಷ್ಟು ಜಾಲರಿ ಹೊರಗೆ ಬರುತ್ತೆ. ಬ್ರಷ್ ಆಡಿಸಿ, ಹಿಂದಿನಿಂದ ಊದಿ, ಹೊಸ ವಾಷರ್ ಹಾಕಿ ಬಿಗಿ ಮಾಡಿ.

ಮುಚ್ಚಳ
ಟ್ಯಾಂಕ್ ಮುಚ್ಚಳ ತೆಗೆದಾಗ ಗಾಳಿ ಒಳಗೆ ಎಳೆದುಕೊಳ್ಳೋ ಸದ್ದು ಬರುತ್ತಾ? ಬಂದರೆ ವೆಂಟ್ (ಟ್ಯಾಂಕಿಗೆ ಗಾಳಿ ಹೋಗೋ ತೂತು) ಕಟ್ಟಿದೆ. ಮುಚ್ಚಳ ಅರ್ಧ ಸಡಿಲ ಮಾಡಿ ಅದೇ ಏರು ಹತ್ತಿಸಿ ನೋಡಿ. ಖರ್ಚು ಸೊನ್ನೆ.

ಅರ್ಧ ಚೋಕ್
ಇನ್ನೊಂದು ಪುಕ್ಕಟೆ ಪರೀಕ್ಷೆ. ಸುಸ್ತಾಗಲು ಶುರುವಾದ ಕ್ಷಣದಲ್ಲಿ ಚೋಕ್ (ಗಾಳಿ ಕಮ್ಮಿ ಮಾಡಿ ಪೆಟ್ರೋಲ್ ಪಾಲು ಹೆಚ್ಚಿಸೋ ಗುಂಡಿ) ಅರ್ಧ ಎಳೀರಿ. ಸ್ವಲ್ಪ ಚೇತರಿಸಿಕೊಂಡರೆ ಪೆಟ್ರೋಲ್ ಸಾಲ್ತಿಲ್ಲ. ಇನ್ನೂ ಮುಗ್ಗರಿಸಿದರೆ ಒಂದೋ ಪೆಟ್ರೋಲ್ ಜಾಸ್ತಿ ಆಗ್ತಿದೆ, ಇಲ್ಲ ಕಿಡಿ ಕಡೆ ತೊಂದರೆ. ಕಾಯಿಲ್ ಬಿಸಿಯಾಗಿ ಕೈಕೊಡೋದು ಕೂಡ ಹೀಗೇ ಕಾಣುತ್ತೆ, ಆದರೆ ಅದು ಹತ್ತು ಸೆಕೆಂಡಿಗೆ ಸರಿಹೋಗಲ್ಲ.

ಘಾಟಿ
ಮಾರಾಯ್ರೆ, ಇದು ವೇಪರ್ ಲಾಕ್ ಅಲ್ವಾ? ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದ್ರೆ ಸರಿ ಆಗ್ತದೆ.

ತಗಡು-ತಾಮ್ರ
ತಣ್ಣಗಿದ್ದಾಗಲೂ ಆಗುತ್ತೆ ಅಂತ ಬರೆದಿದ್ದಾರಲ್ಲ ಘಾಟಿಯವರೇ. ವೇಪರ್ ಲಾಕ್‌ಗೆ ಬಿಸಿ ಬೇಕು.

ಅದರ ಹೆಸರಿನಲ್ಲಿ ಎರಡು ಬೇರೆ ಬೇರೆ ತೊಂದರೆಗಳನ್ನ ಒಟ್ಟಿಗೆ ಕಟ್ಟಿಬಿಡ್ತಾರೆ. ಪೈಪಿನಲ್ಲೋ ಪಂಪಿನಲ್ಲೋ ಪೆಟ್ರೋಲ್ ಆವಿಯಾಗಿ ಪಂಪ್ ಬರೀ ಗುಳ್ಳೆ ಒತ್ತುತ್ತಾ ಕೂತರೆ ಅದು ವೇಪರ್ ಲಾಕ್, ಎಂಜಿನ್‌ಗೆ ಪೆಟ್ರೋಲ್ ಇಲ್ಲ. ಗಾಡಿ ಆಫ್ ಮಾಡಿದ ಮೇಲೆ ಎಂಜಿನ್ ಬಿಸಿಗೆ ಬೌಲ್‌ನ ಪೆಟ್ರೋಲ್ ಕುದಿದು ಮ್ಯಾನಿಫೋಲ್ಡ್‌ಗೆ (ಎಂಜಿನ್ ಒಳಗೆ ಹೋಗೋ ಕೊಳವೆಗೆ) ಸುರಿದರೆ ಅದು ಉಲ್ಟಾ, ಪೆಟ್ರೋಲ್ ಜಾಸ್ತಿ. ಎರಡನೆಯದಕ್ಕೆ ಎಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೀಬೇಕು. ಪಂಪ್ ಮಾಡೋ ಹಾಗೆ ಒತ್ತಿ ಒತ್ತಿ ಬಿಟ್ಟರೆ ಇನ್ನಷ್ಟು ಸುರಿಯುತ್ತೆ. ಇದು ಪದೇಪದೇ ಆದರೆ ಕಾರ್ಬ್ಯುರೇಟರ್ ಕೆಳಗಿನ ದಪ್ಪ ಬೇಕಲೈಟ್ ಸ್ಪೇಸರ್ ಇದೆಯೋ, ಹಿಂದೆ ಬಿಚ್ಚಿದವರು ಅದನ್ನ ತೆಗೆದು ಬರೀ ಗ್ಯಾಸ್ಕೆಟ್ ಹಾಕಿದ್ದಾರೋ ನೋಡಿ.

ಘಾಟಿ
ಹೌದು, ತಣ್ಣಗೆ ಇದ್ದಾಗಲೂ ಅಂತ ಉಂಟು. ಓದಿದ್ದು ಸಾಲಲಿಲ್ಲ.

ಹಳೇಚಕ್ರ
ಮುಚ್ಚಳ ಸಡಿಲ ಮಾಡಿ ಹತ್ತಿಸಿದೆ, ಫರಕಿಲ್ಲ. ಅರ್ಧ ಚೋಕ್ ಎಳೆದರೆ ಐದಾರು ಸೆಕೆಂಡು ಚೇತರಿಕೆ, ಆಮೇಲೆ ಮತ್ತೆ ಅದೇ. ಕಾರ್ಬ್ಯುರೇಟರ್ ಜಾಲರಿ ಸ್ವಚ್ಛವಾಗಿದೆ. ಪಂಪ್ ಎಷ್ಟು ಕೊಡ್ತಿದೆ ಅಂತ ಅಳೆಯೋದು ಹೇಗೆ?

ತಗಡು-ತಾಮ್ರ
ಕಾಯಿಲ್‌ನ ಸಣ್ಣ ವೈರ್ ತೆಗೆದಿಡಿ, ಕಿಡಿ ಹಾರಬಾರದು. ಕಾರ್ಬ್ಯುರೇಟರ್ ಬಳಿ ಪೈಪ್ ಬಿಡಿಸಿ, ಅದಕ್ಕೊಂದು ಉದ್ದ ಹೋಸ್ ಸೇರಿಸಿ ಅಳತೆ ಗೆರೆ ಇರುವ ಬಾಟಲಿಗೆ ಇಳಿಸಿ. ಬಾಟಲಿ ಎಂಜಿನ್‌ನಿಂದ ದೂರ, ನೆಲದ ಮೇಲೆ. ಒಬ್ಬರು ಬಾಟಲಿ ನೋಡಲಿ, ಒಬ್ಬರು 15 ಸೆಕೆಂಡು ಸೆಲ್ಫ್ ಹೊಡೆದು, ಒಂದು ನಿಮಿಷ ಬಿಟ್ಟು ಮತ್ತೆ 15 ಹೊಡೀಲಿ. ಒಂದೇ ಸಮ ಅರ್ಧ ನಿಮಿಷ ಹೊಡೆದರೆ ಸ್ಟಾರ್ಟರ್ ಬೇಯುತ್ತೆ. ಒಟ್ಟು ಅರ್ಧ ನಿಮಿಷಕ್ಕೆ ಕಾಲು ಲೀಟರ್ ಆಸುಪಾಸು ಬಂದರೆ ಈ ಗಾತ್ರದ ಎಂಜಿನ್‌ಗೆ ಸಾಕು. ಜೊತೆಗೆ ಒತ್ತಡ ನೋಡೋ ಗೇಜ್ ಇದ್ದರೆ 3ರಿಂದ 5 ಪಿಎಸ್ಐ. ಒತ್ತಡ ಸರಿಯಿದ್ದೂ ಪ್ರಮಾಣ ಕಡಿಮೆ ಇರಬಹುದು, ಅದಕ್ಕೇ ಬಾಟಲಿ ಪರೀಕ್ಷೆ ಬಿಡಬೇಡಿ.

ಬಾಗಿಲು ತೆರೆದಿಡಿ
ಸೆಲ್ಫ್ ಹೊಡೆಯೋ ಮುಂಚೆ ಇದನ್ನ ಓದಿ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ನೆಲಕ್ಕೆ ಇಳಿದು ಹರಿಯುತ್ತೆ. ಗಾಳಿಯಲ್ಲಿ 1.4% ಇದ್ದರೆ ಸಾಕು, ಹತ್ತಿಕೊಳ್ಳುತ್ತೆ. ಮುಚ್ಚಿದ ಶೆಡ್, ಕಾರಿನ ಕೆಳಗಿನ ಗುಂಡಿ, ಗಾಜಿನ ಬಲ್ಬಿನ ಕೈದೀಪ, ಮೂಲೆಯಲ್ಲಿ ಉರೀತಿರೋ ಗೀಸರ್, ಯಾವುದೂ ಬೇಡ. ಬಯಲಲ್ಲಿ ಮಾಡಿ. ಟ್ಯಾಂಕ್ ಕಡೆ ಕೆಲಸಕ್ಕೆ ಬ್ಯಾಟರಿ ನೆಗೆಟಿವ್ ಕಳಚಿ. ಒಣ ಪುಡಿಯ ಅಗ್ನಿಶಾಮಕ ಕೈಗೆಟುಕುವಲ್ಲಿರಲಿ, ನೀರು ಎರಚಿದರೆ ಉರಿಯೋ ಪೆಟ್ರೋಲ್ ತೇಲಿಕೊಂಡು ಹರಡುತ್ತೆ. ಪೆಟ್ರೋಲ್ ಕ್ಯಾನಿಗೆ ಹಾಕುವಾಗ ಕ್ಯಾನ್ ನೆಲದ ಮೇಲಿರಲಿ, ಸೀಟಿನ ಮೇಲೆ ಇಟ್ಟು ತುಂಬಿದರೆ ಸ್ಟ್ಯಾಟಿಕ್ ಕಿಡಿಗೆ ದಾರಿ. ಕೈಗೆ ನೈಟ್ರೈಲ್ ಗ್ಲೌಸ್, ಲೇಟೆಕ್ಸ್ ಪೆಟ್ರೋಲಿಗೆ ಉಬ್ಬಿ ಹರಿಯುತ್ತೆ.

ಇನ್ನೊಂದು. ಬಾಯಲ್ಲಿ ಪೆಟ್ರೋಲ್ ಎಳೆಯೋದು ಬೇಡವೇ ಬೇಡ. ಹೊಟ್ಟೆಗಿಂತ ಶ್ವಾಸಕೋಶಕ್ಕೆ ಇಳಿದರೆ ಅಪಾಯ ಜಾಸ್ತಿ. ಯಾರಾದರೂ ನುಂಗಿದರೆ ವಾಂತಿ ಮಾಡಿಸಬಾರದು ಅನ್ನೋದೂ ಅದಕ್ಕೇ.

ಸ್ವಿಚ್ಚು
ಇಷ್ಟೆಲ್ಲ ಯಾಕೆ ಗುರು? ಎಲೆಕ್ಟ್ರಿಕ್ ಪಂಪ್ ಹಾಕಿಬಿಡಿ, ಕೆಲಸ ಮುಗೀತು.

ಜೆಟ್ 112
ಯಾವ ಪಂಪ್? ಇಂಜೆಕ್ಷನ್ ಕಾರಿನ ಪಂಪ್ ತಂದು ಹಾಕೋರು ಇದ್ದಾರೆ. ಅದು 3 ಬಾರ್, ಅಂದರೆ 43 ಪಿಎಸ್ಐ. ಕಾರ್ಬ್ಯುರೇಟರ್ ನೀಡಲ್ ವಾಲ್ವ್ ತಡೆಯೋದು ನಾಲ್ಕೈದು. ನೀಡಲ್ ಎತ್ತಿ ಬೌಲ್ ಉಕ್ಕಿ ಬಿಸಿ ಮ್ಯಾನಿಫೋಲ್ಡ್ ಮೇಲೆ ಪೆಟ್ರೋಲ್.

ಹಾಕಲೇಬೇಕು ಅಂದರೆ 2–4 ಪಿಎಸ್ಐ ಪಂಪ್, ಟ್ಯಾಂಕ್ ಹತ್ತಿರ, ಆದಷ್ಟು ಕೆಳಗೆ. ಅವು ಒತ್ತೋದರಲ್ಲಿ ಗಟ್ಟಿ, ಎಳೆಯೋದರಲ್ಲಿ ಸೋಮಾರಿ. ಫ್ಯೂಸ್, ರಿಲೇ, ಗುದ್ದಿದರೆ ಕರೆಂಟ್ ಕಡಿಯೋ ಇನರ್ಷಿಯಾ ಸ್ವಿಚ್ ಮೂರೂ ಬೇಕು. ಮೆಕ್ಯಾನಿಕಲ್ ಪಂಪ್ ಎಂಜಿನ್ ನಿಂತರೆ ತಾನೂ ನಿಲ್ಲುತ್ತೆ, ಎಲೆಕ್ಟ್ರಿಕ್‌ಗೆ ಆ ಬುದ್ಧಿ ಇಲ್ಲ.

ಸ್ವಿಚ್ಚು
ಸರಿ ಸರಿ. ಹಾಕೋದೇ ತಪ್ಪು ಅಂತ ಅಲ್ಲವಲ್ಲ.

ತಗಡು-ತಾಮ್ರ
ತಪ್ಪಲ್ಲ. ಆದರೆ ಟ್ಯಾಂಕ್ ಕಡೆ ಕಟ್ಟಿದ್ದರೆ ಹೊಸ ಪಂಪೂ ಅದೇ ಕಟ್ಟಿದ ಬಾಯಿಂದಲೇ ಎಳೀಬೇಕು.

ಹಳೇಚಕ್ರ
ಅಳೆದೆ. ಎರಡು ಸಲ 15 ಸೆಕೆಂಡು, ಒಟ್ಟು 85 ಮಿ.ಲೀ. ಹಾಗಾದರೆ ಪಂಪ್ ಹೋಗಿದೆಯಾ?

ಕ್ಯಾಮ್ ಏಟು
ಪಂಪ್ ತೆಗೆಯೋ ಮುಂಚೆ ಅದಕ್ಕೆ ಬೇರೆ ಡಬ್ಬಿಯಿಂದ ಕುಡಿಸಿ ನೋಡಿ. ಒಳಬರುವ ಹೋಸ್ ಕಳಚಿ, ಟ್ಯಾಂಕ್ ಕಡೆಯ ಬಾಯಿಗೆ ಬಿರಡೆ ಹಾಕಿ. ಅರ್ಧ ಮೀಟರ್ ಹೊಸ ಹೋಸ್ ಪಂಪಿಗೆ ಸೇರಿಸಿ ಇನ್ನೊಂದು ತುದಿಯನ್ನ ಒಂದು ಲೀಟರ್ ಪೆಟ್ರೋಲ್ ಇರೋ ಲೋಹದ ಕ್ಯಾನಿಗೆ ಇಳಿಸಿ. ಕ್ಯಾನ್ ಪಂಪಿಗಿಂತ ಕೆಳಗಿರಲಿ, ಇಲ್ಲದಿದ್ದರೆ ತಾನಾಗೇ ಇಳಿದು ಸುಳ್ಳು ಲೆಕ್ಕ ಬರುತ್ತೆ. ಮತ್ತೆ ಅದೇ ಅರ್ಧ ನಿಮಿಷ.

ಜೊತೆಗೆ ಡಿಪ್‌ಸ್ಟಿಕ್ ನೋಡಿ. ಆಯಿಲ್ ಮಟ್ಟ ಏರಿದ್ದರೆ, ಪೆಟ್ರೋಲ್ ವಾಸನೆ ಇದ್ದರೆ ಡಯಾಫ್ರಮ್ (ಪಂಪ್ ಒಳಗಿನ ರಬ್ಬರ್ ಪೊರೆ) ಹರಿದು ಪೆಟ್ರೋಲ್ ಸಂಪಿಗೆ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಇಳೀತಿದೆ. ಆಗ ಎಂಜಿನ್ ಚಾಲೂ ಮಾಡಲೇಬಾರದು, ತೆಳುವಾದ ಆಯಿಲ್‌ಗೆ ಬೇರಿಂಗ್ ಹೋಗುತ್ತೆ. ಪಂಪ್ ಬದಲಿಸಿ, ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸಿ, ಆಮೇಲೆ ಕೀ ತಿರುಗಿಸಿ. ಪಂಪ್ ಹೊಟ್ಟೆಯಲ್ಲಿರುವ ಸಣ್ಣ ತೂತಿನಿಂದ ಜಿನುಗಿದರೂ ಅದೇ ಅರ್ಥ, ಆ ತೂತಿಗೆ ಎಂ-ಸೀಲ್ ಮೆತ್ತಬೇಡಿ.

ಹಳೇಚಕ್ರ
ಆಯಿಲ್ ಮಟ್ಟ ಸರಿ, ವಾಸನೆ ಇಲ್ಲ. ಕ್ಯಾನಿನಿಂದ 260 ಮಿ.ಲೀ. ಬಂತು!

ಕ್ಯಾಮ್ ಏಟು
ಪಂಪ್ ಬಚಾವ್. ಮುಂದೆ ಯಾವತ್ತಾದರೂ ಬದಲಿಸುವವರಿಗೆ: ಬೋಲ್ಟ್ ಹಾಕೋ ಮುಂಚೆ ಎಂಜಿನ್ ಕೈಯಲ್ಲಿ ತಿರುಗಿಸಿ ಕ್ಯಾಮ್‌ನ ಉಬ್ಬು ಲಿವರ್‌ನಿಂದ ಆಚೆ ಹೋಗುವ ಹಾಗೆ ಮಾಡಿಕೊಳ್ಳಿ. ಪಂಪ್ ಸ್ಪ್ರಿಂಗ್ ಒತ್ತಡವಿಲ್ಲದೆ ಫ್ಲಶ್ ಆಗಿ ಕೂರುತ್ತೆ. ಉಬ್ಬಿನ ಮೇಲೇ ಇಟ್ಟು ಬೋಲ್ಟ್ ಬಿಗಿದು ಎಳೆದರೆ ಪಂಪಿನ ಬೋಲ್ಟ್ ಕೂರೋ ಕಿವಿ ಮುರಿಯುತ್ತೆ. ಹಳೇ ಸ್ಪೇಸರ್, ಗ್ಯಾಸ್ಕೆಟ್ ಎಷ್ಟು ದಪ್ಪ ಇತ್ತೋ ಅಷ್ಟೇ ಇರಲಿ. ದಪ್ಪ ಹೆಚ್ಚಾದರೆ ಹೊಡೆತ ಕಮ್ಮಿ, ಪೆಟ್ರೋಲ್ ಕಮ್ಮಿ. ತೆಳುವಾದರೆ ಲಿವರ್ ಸವೆಯುತ್ತೆ.

ಜೆಟ್ 112
ಹಾಗಾದರೆ ಟ್ಯಾಂಕ್ ಒಳಗಿನ ಸಾಕ್ ಫಿಲ್ಟರ್ (ಪಿಕಪ್ ಪೈಪ್ ತುದಿಯ ಕಾಲುಚೀಲದಂಥ ಜಾಲರಿ) ಕಟ್ಟಿದೆ, ಇಲ್ಲ ಪೈಪ್ ಜಜ್ಜಿದೆ. ಪಂಪ್ ಕಡೆಯಿಂದ ಟ್ಯಾಂಕಿಗೆ ಮೆಲ್ಲಗೆ ಗಾಳಿ ಊದಿ, ಮುಚ್ಚಳ ತೆಗೆದು ಕಿವಿ ಕೊಡಿ. ಸೈಕಲ್ ಪಂಪ್ ಸಾಕು, ಕಂಪ್ರೆಸರ್ ಪೂರ್ತಿ ಬಿಟ್ಟರೆ ಸಾಕ್ ಕಿತ್ತುಕೊಂಡು ಹೋಗುತ್ತೆ.

ಎರಡು ಹನಿ
ನಡುವೆ ಬಾಯಿ ಹಾಕ್ತೀನಿ. ಈಗಿನ ಎಥನಾಲ್ ಬೆರೆಸಿದ ಪೆಟ್ರೋಲ್ ಹಳೇ ಕಾರಿಗೆ ಆಗಲ್ಲ, ಅದೇ ಕಾರಣ ಅಂತ ಯಾಕೆ ಯಾರೂ ಹೇಳ್ತಿಲ್ಲ?

ತಗಡು-ತಾಮ್ರ
ಸಂಬಂಧ ಇದೆ, ಆದರೆ ನೀವಂದುಕೊಂಡ ಹಾಗಲ್ಲ. ಮಿಶ್ರಣದ ಲೆಕ್ಕ ನೋಡಿ. ಶುದ್ಧ ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥನಾಲ್‌ಗೆ 9 ಸಾಕು. ಇ10ಗೆ (10% ಎಥನಾಲ್ ಬೆರೆತದ್ದು) ಸುಮಾರು 14.1, ಇ20ಗೆ (20% ಬೆರೆತದ್ದು) 13.5 ಹತ್ತಿರ. ಹಾಗಾಗಿ ಹಳೇ ಜೆಟ್‌ನಲ್ಲಿ ಇ10 ಸುಮಾರು 4%, ಇ20 8–9% ಲೀನ್ ಆಗುತ್ತೆ, ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಕಮ್ಮಿ ಬೀಳುತ್ತೆ. ಅದರಿಂದ ಎಳೆತ ಕಮ್ಮಿ, ಬಿಸಿ ಜಾಸ್ತಿ, ಬೆಳಗ್ಗೆ ಚೋಕ್ ಜಾಸ್ತಿ ಹೊತ್ತು. ಇಪ್ಪತ್ತು ಸೆಕೆಂಡಿನ ಗಡಿಯಾರ ಅದಕ್ಕಿಲ್ಲ.

ನಿಜವಾದ ಕಾಟ ರಬ್ಬರ್‌ಗೆ ಮತ್ತು ನೀರಿಗೆ. ಇ10 ತನ್ನ ಗಾತ್ರದ ಅರ್ಧ ಪರ್ಸೆಂಟ್‌ನಷ್ಟು ನೀರನ್ನ ಕರಗಿಸಿಕೊಂಡು ಸುಮ್ಮನಿರುತ್ತೆ, 40 ಲೀಟರ್ ಟ್ಯಾಂಕಿಗೆ ಹೆಚ್ಚುಕಮ್ಮಿ 200 ಮಿ.ಲೀ. ಅದು ಮೀರಿದರೆ ನೀರು ಎಥನಾಲನ್ನೂ ಜೊತೆಗೆ ಎಳೆದುಕೊಂಡು ತಳಕ್ಕೆ ಕೂರುತ್ತೆ. ಪಿಕಪ್ ಪೈಪ್ ಇರೋದು ತಳದಲ್ಲೇ. ತಿಂಗಳುಗಟ್ಟಲೆ ನಿಲ್ಲಿಸೋ ಕಾರಿನ ಟ್ಯಾಂಕ್ ತುಂಬಿಟ್ಟರೆ ಒಳಗೆ ತೇವದ ಗಾಳಿಗೆ ಜಾಗ ಕಮ್ಮಿ.

ಎರಡು ಹನಿ
ಜೆಟ್ ದೊಡ್ಡದು ಹಾಕಿದರೆ?

ಜೆಟ್ 112
ನನ್ನ ಕ್ಷೇತ್ರಕ್ಕೆ ಬಂತು. ಎಷ್ಟೋ ಕಾರ್ಬ್ಯುರೇಟರ್‌ಗಳಲ್ಲಿ ಜೆಟ್ ಮೇಲಿನ ಅಂಕಿ ಮಿಲಿಮೀಟರಿನ ನೂರನೇ ಭಾಗ: 112 ಅಂದರೆ 1.12 ಮಿ.ಮೀ. ಹರಿವು ತೂತಿನ ವಿಸ್ತೀರ್ಣಕ್ಕೆ ತಕ್ಕ ಹಾಗೆ. ಇ10ಗೆ 115, ಇ20ಗೆ 117 ಹತ್ತಿರ ಬರುತ್ತೆ. ಹಾಕಿದ ಮೇಲೆ ಪ್ಲಗ್ ಬಣ್ಣ ನೋಡಿಯೇ ತೀರ್ಮಾನ ಮಾಡಿ.

ಸ್ಟೀಲ್ ತಂತಿ ತಿರುವಿ ಜೆಟ್ 'ಕ್ಲೀನ್' ಮಾಡೋರಿಗೆ ಒಂದು ಲೆಕ್ಕ: ಹಿತ್ತಾಳೆ ಮೆದು, 0.05 ಮಿ.ಮೀ. ಸವೆದರೆ ವಿಸ್ತೀರ್ಣ 9% ಹೆಚ್ಚು. ಇ20 ಜೆಟ್ ಪುಕ್ಕಟೆ ಸಿಕ್ಕಿದ ಹಾಗೆ, ಅದೂ ಓರೆಕೋರೆಯಾಗಿ. ಕಾರ್ಬ್ ಕ್ಲೀನರ್ ಮತ್ತು ಗಾಳಿ, ಹೆಚ್ಚೆಂದರೆ ಒಂದು ನೈಲಾನ್ ದಾರ. ಕ್ಲೀನರ್ ಹೊಡೆಯೋ ಮುಂಚೆ ಡಯಾಫ್ರಮ್, ಓ-ರಿಂಗ್ ಎಲ್ಲ ತೆಗೆದಿಡಿ, ಇಲ್ಲದಿದ್ದರೆ ಉಬ್ಬಿ ಮುಗೀತು. ಕಣ್ಣಿಗೆ ಕನ್ನಡಕ ಹಾಕಿ, ಒಂದು ತೂತಿಗೆ ಹೊಡೆದರೆ ಇನ್ನೊಂದರಿಂದ ನೇರ ಮುಖಕ್ಕೇ ಬರುತ್ತೆ.

ಹಳೇಚಕ್ರ
ಮೂಲ ವಿಷಯಕ್ಕೆ ಬರೋಣ. ಸೈಕಲ್ ಪಂಪಿನಿಂದ ಊದಿದೆ. ಗಾಳಿ ಸಲೀಸಾಗಿ ಹೋಗ್ತಿದೆ, ಟ್ಯಾಂಕಿನಲ್ಲಿ ಗುಳುಗುಳು ಸದ್ದು ಸ್ಪಷ್ಟ. ಅಂದರೆ ದಾರಿ ಖುಲ್ಲಾ. ಹಾಗಾದರೆ 85 ಮಿ.ಲೀ. ಯಾಕೆ?

ಗುದಗಿ
ಇಲ್ಲೇ ಎಲ್ಲಾರೂ ಮೋಸ ಹೋಗ್ತಾರ್ರೀ. ಊದಿದ್ರ ಮೆತ್ತಗಿನ ಹೋಸು ಉಬ್ಬತದ, ದಾರಿ ದೊಡ್ಡದಾಗ್ತದ. ಎಳದ್ರ ಅದೇ ಹೋಸು ಚಪ್ಪಟಿ ಆಗಿ ಕೂಡ್ತದ. ಪಂಪ್ ಎಳಿಯೂದು, ನೀವು ಊದಿ ನೋಡೂದು, ಎರಡಕ್ಕೂ ತಾಳ ಇಲ್ಲ. ಬ್ರೇಕ್ ಬ್ಲೀಡ್ ಮಾಡೂ ಕೈ ವ್ಯಾಕ್ಯೂಮ್ ಪಂಪ್ ಇದ್ರ ಅದರಿಂದ ಎಳದು ನೋಡ್ರಿ, ನಡುವೆ ಬಾಟಲಿ ಇರ್ಲಿ. ಟ್ಯಾಂಕಿನ ಮ್ಯಾಲೆ ಸ್ಟೀಲ್ ಪೈಪಿಗೆ ಕೂಡಸೂ ಗೇಣುದ್ದದ ಹೋಸು ಇರ್ತದಲ್ಲ, ಅದನ್ನ ಬೆರಳಿನಾಗ ಹಿಡಕೊಂಡು ಎಳಸ್ರಿ. ಯಾರೂ ಅದನ್ನ ಬದಲಿ ಮಾಡಿರಂಗಿಲ್ಲ, ಕೈ ಹೋಗಂಗಿಲ್ಲ ಅಲ್ಲಿ.

ಅರ್ಧ ಚೋಕ್
ಗುದಗಿಯವರು ಹೇಳಿದ್ದಕ್ಕೆ ಸೇರಿಸ್ತೀನಿ. ಆ ಹೋಸ್‌ನಲ್ಲಿ ಕೂದಲೆಳೆ ಬಿರುಕು ಇದ್ದರೂ ಅಷ್ಟೇ: ಎಳೆಯೋ ಕಡೆ ಆದ್ದರಿಂದ ಪೆಟ್ರೋಲ್ ಹೊರಗೆ ಸೋರಲ್ಲ, ಗಾಳಿ ಒಳಗೆ ನುಗ್ಗುತ್ತೆ. ಒದ್ದೆ ಕಲೆ ಹುಡುಕಿದರೆ ಸಿಗಲ್ಲ. ಆದರೆ ಪ್ಲಾಸ್ಟಿಕ್ ಫಿಲ್ಟರ್ ಅರ್ಧ ಖಾಲಿ ಕಂಡಿತು ಅಂತ ಗಾಬರಿ ಬೇಡ, ಆ ಗಾಳಿ ಗುಳ್ಳೆ ಮಾಮೂಲು. ಗುಳ್ಳೆಗಳು ಸಾಲಾಗಿ ಓಡ್ತಾ ಇದ್ದರೆ ಮಾತ್ರ ಅನುಮಾನ.

ಕಪ್ಪು ಹೊಗೆ
ಡೀಸೆಲ್ ಗಾಡಿಯಲ್ಲೂ ಇದೇ ಬಿರುಕು ಬೆಳಗ್ಗೆ ಸ್ಟಾರ್ಟ್ ಆಗದ ಕಾಟ ಕೊಡುತ್ತೆ. ರಾತ್ರಿಯೆಲ್ಲ ಡೀಸೆಲ್ ಟ್ಯಾಂಕಿಗೆ ವಾಪಸ್ ಜಾರಿ ಲೈನ್‌ನಲ್ಲಿ ಗಾಳಿ. ಹಳೇ ಯಾಂತ್ರಿಕ ಪಂಪಿನವಕ್ಕೆ: ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲ ಮಾಡಿ, ನೊರೆ ನಿಂತು ಬರೀ ಡೀಸೆಲ್ ಬರೋವರೆಗೆ ಹ್ಯಾಂಡ್ ಪ್ರೈಮರ್ ಒತ್ತಿ, ಬಿಗಿ ಮಾಡಿ. ಎಂಜಿನ್ ಓಡುವಾಗ ಇಂಜೆಕ್ಟರ್ ಪೈಪ್ ಹತ್ತಿರ ಕೈ ಬೇಡ, ಆ ಒತ್ತಡದ ಎಳೆ ಚರ್ಮ ತೂರಿ ಒಳಗೆ ಹೋಗುತ್ತೆ. ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ತಕ್ಷಣ ಆಸ್ಪತ್ರೆ.

ಸ್ವಿಚ್ಚು
ಡೀಸೆಲ್‌ನವರು ಯಾವ ಚರ್ಚೆಯನ್ನೂ ಬಿಡಲ್ಲ ಬಿಡಿ.

ಹಳೇಚಕ್ರ
ಕೈ ಪಂಪಿನಿಂದ ಎಳೆದೆ. ಟ್ಯಾಂಕ್ ಮೇಲಿನ 18 ಸೆಂ.ಮೀ. ಹೋಸ್ ಕಣ್ಣೆದುರೇ ಚಪ್ಪಟೆಯಾಯ್ತು! ಬಿಟ್ಟರೆ ಮತ್ತೆ ದುಂಡಗೆ. ಹೊಸದು ಯಾವುದು ಹಾಕಲಿ?

ತಗಡು-ತಾಮ್ರ
ಭೇಷ್ ಗುದಗಿಯವರೇ.

ಹೋಸ್ ಮೇಲೆ ಬರೆದಿರೋದನ್ನ ಓದಿ. ಎಸ್ಎಇ ಜೆ30 ಆರ್7 ಕಾರ್ಬ್ಯುರೇಟರ್ ಒತ್ತಡಕ್ಕೆ ಸಾಕು. ಆರ್9 ಇಂಜೆಕ್ಷನ್ ಒತ್ತಡದ್ದು, ಒಳಪದರ ಫ್ಲೋರೋ ರಬ್ಬರ್, ಎಥನಾಲ್‌ಗೆ ಚೆನ್ನಾಗಿ ತಡೆಯುತ್ತೆ. ಟ್ಯಾಂಕ್ ಮೇಲೆ ಮತ್ತೆ ಕೈ ಹಾಕೋದು ಬೇಡ ಅನ್ನೋರು ಆರ್9 ಹಾಕಿ. ಟ್ಯಾಂಕ್ ಒಳಗೆ ಮುಳುಗಿರೋ ತುಂಡಿಗೆ ಮಾತ್ರ ಆರ್10 ಬೇಕು, ಬೇರೆಯವು ಹೊರಮೈಯಿಂದ ಕರಗುತ್ತವೆ. ನೀರಿನ ಪೈಪು, ಅಕ್ವೇರಿಯಂ ಪೈಪು, ಪಾರದರ್ಶಕ ಪಿವಿಸಿ ಬೇಡ.

ಒಳವ್ಯಾಸ ಅಳೆಯದೆ ತರಬೇಡಿ, 6 ಮತ್ತು 8 ಮಿ.ಮೀ. ಕಣ್ಣಂದಾಜಿಗೆ ಒಂದೇ ಕಾಣುತ್ತೆ. ಪೈಪ್ ತುದಿಯ ತುಕ್ಕನ್ನ ನುಣ್ಣನೆ ಮರಳು ಕಾಗದದಿಂದ ತೆಗೆಯಿರಿ. ಹೋಸ್ ಕನಿಷ್ಠ 25 ಮಿ.ಮೀ. ಒಳಗೆ ಹೋಗಲಿ, ಕ್ಲಿಪ್ ಪೈಪಿನ ಉಬ್ಬಿನ ಹಿಂದೆ ಕೂರಲಿ. ತಿರುಪು ಕ್ಲಿಪ್‌ನ ಸೀಳುಗಳು ರಬ್ಬರನ್ನ ಕೊಯ್ಯುತ್ತವೆ, ಅಂಚು ಮಡಚಿದ ಸಣ್ಣ ಕ್ಲಿಪ್ ಸಿಕ್ಕರೆ ಅದೇ ಒಳ್ಳೇದು.

ಮುಚ್ಚಳ
ಟ್ಯಾಂಕ್ ಇಳಿಸೋದಾದರೆ ಒಳಗೆ ಟಾರ್ಚ್ ಬಿಟ್ಟು ನೋಡಿ. ತುಕ್ಕು ಇದ್ದರೆ ಈಗಲೇ ಮುಗಿಸಿ.

ಕ್ಯಾಮ್ ಏಟು
ತುಕ್ಕು ಇದ್ದರೆ: ಸೆಂಡರ್ ಯೂನಿಟ್ (ಪೆಟ್ರೋಲ್ ಮಟ್ಟ ಮೀಟರಿಗೆ ತಿಳಿಸೋ ಭಾಗ) ತೆಗೆದು, ಲೀಟರ್ ಬಿಸಿನೀರಿಗೆ 100 ಗ್ರಾಂ ಸಿಟ್ರಿಕ್ ಆಸಿಡ್, ಟ್ಯಾಂಕ್ ಕಂಠದವರೆಗೆ ತುಂಬಿಸಿ ಒಂದು ರಾತ್ರಿ. ಸುರಿದು, ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಕೂಡಲೇ ಗಾಳಿ ಊದಿ ಒಣಗಿಸಿ. 'ಆಮೇಲೆ ನೋಡೋಣ' ಅಂದರೆ ಗಂಟೆಯೊಳಗೆ ಕೇಸರಿ ಬಣ್ಣ ವಾಪಸ್. ತೂತು ಕಂಡರೆ ವೆಲ್ಡಿಂಗ್ ಕಡೆ ಹೊತ್ತುಕೊಂಡು ಹೋಗಬೇಡಿ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಕೆಟ್ಟದ್ದು, ಒಳಗಿರೋದೆಲ್ಲ ಆವಿ.

ಹಳೇಚಕ್ರ
ಆರ್9 ಹಾಕಿದೆ, ಕ್ಲಿಪ್ ಹೊಸದು. ಟ್ಯಾಂಕ್ ಒಳಗೆ ಹೊಳಪಿದೆ, ಆಸಿಡ್ ಬೇಕಾಗಲಿಲ್ಲ. ಅಳತೆ ಈಗ 240 ಮಿ.ಲೀ. ಏರು ಪೂರ್ತಿ ಹತ್ತಿತು, ಕಾಲು ತೆಗೆಯಲಿಲ್ಲ.

ಹಳೇ ಹೋಸನ್ನ ಉದ್ದಕ್ಕೆ ಸೀಳಿದೆ. ಹೊರಗೆ ಹೊಸದರಂತೆ ಕಪ್ಪು ಹೊಳಪು. ಒಳಪದರ ಬಟ್ಟೆ ಪದರದಿಂದ ಎದ್ದು, ಒದ್ದೆ ಹಪ್ಪಳದ ಹಾಗೆ ಸುಕ್ಕಾಗಿ ನಡುವೆ ತೂಗಾಡ್ತಿದೆ. ಉಗುರು ತಾಗಿಸಿದರೆ ಕಪ್ಪು ಪುಡಿ ಬೆರಳಿಗೆ ಬರುತ್ತೆ.

ಗುದಗಿ
ಆ ಕರಿ ಪುಡಿ ಎಲ್ಲಿ ಹೋಗಿರ್ತದ ಹೇಳ್ರಿ? ಹೊಸ ಫಿಲ್ಟರ್ ಅಂತೀರಿ, ಅದರಾಗೇ ಕುಂತಿರ್ತದ. ಬಾಣದ ಗುರ್ತು ಪಂಪಿನ ಕಡೆ ಇಟ್ಟು ಇನ್ನೊಂದು ಹಾಕ್ರಿ, ಇನ್ನೂರು ಕಿಲೋಮೀಟರ್ ಆದಮ್ಯಾಲೆ ಮತ್ತ ತಗದು ಬಿಳಿ ಬಟ್ಟಿ ಮ್ಯಾಲೆ ಝಾಡಿಸಿ ನೋಡ್ರಿ.

ಜೆಟ್ 112
ಪಂಪಿನ ವಾಲ್ವ್‌ನಲ್ಲೂ ಕೂತಿರುತ್ತೆ. ಮತ್ತೆ ನೀಡಲ್ ವಾಲ್ವ್‌ನಲ್ಲಿ ಒಂದು ಚೂರು ಸಿಕ್ಕಿಕೊಂಡರೆ ಈಗ ಉಲ್ಟಾ, ಬೌಲ್ ಉಕ್ಕುತ್ತೆ. ಕಿಟ್ ಹೇಗೂ ತಂದಿಟ್ಟಿದ್ದೀರಲ್ಲ...

ತಗಡು-ತಾಮ್ರ
ಬಿಚ್ಚಿಸಿಯೇ ಬಿಡ್ತೀರಿ ನೀವು.